ಮೊದಲು ಸತ್ತವನ ಹೆಸರು ಅಶ್ರಫ್

ಭೋಪಾಲ ಎಂದೊಡನೆ ನಮಗೆ ನೆನಪಾಗುವುದು ಒಂದು ರಾತ್ರಿ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ. ಪ್ರತಿ ವರ್ಷ ಡಿಸೆಂಬರ್ ಬಂದಾಗ ಪತ್ರಿಕೆಗಳು ಮಣ್ಣಲ್ಲಿ ಅರ್ಧ ಹೂತ ಮಗುವಿನ ಮುಖದ ಅದೇ ಹಳೆಯ ಚಿತ್ರವನ್ನು ಅಚ್ಚು ಹಾಕುತ್ತವೆ, ನಾವು ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತೇವೆ. ಹೀಗೆ ಒಂದು ರಾತ್ರಿಯ ಕಥೆಯಾಗಿ ಅದನ್ನು ನೆನಪಿಟ್ಟುಕೊಳ್ಳುವುದು ಕಂಪೆನಿಗೂ ಅನುಕೂಲ, ಸರಕಾರಕ್ಕೂ ಅನುಕೂಲ. ಒಂದು ರಾತ್ರಿಯಲ್ಲಿ ನಡೆದುಹೋದದ್ದು ಆಕಸ್ಮಿಕ ಎನಿಸಿಕೊಳ್ಳುತ್ತದೆ. ಆಕಸ್ಮಿಕಕ್ಕೆ ಯಾರೂ ಹೊಣೆಗಾರರಿರುವುದಿಲ್ಲ. ಆದರೆ ಭೋಪಾಲದ ದುರಂತ ಆ ರಾತ್ರಿಗಿಂತ ಮೂರು ವರ್ಷ ಮೊದಲೇ, ಕಾರ್ಖಾನೆಯ ಗೋಡೆಯ ಒಳಗೆ, ಒಬ್ಬ ಕಾರ್ಮಿಕನ ಶ್ವಾಸಕೋಶದಲ್ಲಿ ಶುರುವಾಗಿತ್ತು.

1981ರ ಡಿಸೆಂಬರ್ ಕೊನೆಯ ವಾರ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ರಿಪೇರಿ ಕೆಲಸ ನಡೆದಿತ್ತು. ಅಶ್ರಫ್ ಮೊಹಮ್ಮದ್ ಖಾನ್ ಎಂಬ ಕಾರ್ಮಿಕ ಪೈಪಿನ ಜೋಡಣೆ ಬಿಚ್ಚುವಾಗ ಒಳಗೆ ಉಳಿದಿದ್ದ ಫಾಸ್ಜೀನ್ ಮೈಮೇಲೆ ಸಿಡಿಯಿತು. ಫಾಸ್ಜೀನ್ ಎಂದರೆ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ. ಗಾಬರಿಯಲ್ಲಿ ಆತ ಮುಖವಾಡ ಕಿತ್ತು ಉಸಿರೆಳೆದ. ಕೆಲವೇ ದಿನದಲ್ಲಿ ತೀರಿಕೊಂಡ. ಕಂಪೆನಿ ಏನು ಹೇಳಿತು ಗೊತ್ತೇ? ಮುಖವಾಡ ತೆಗೆದದ್ದು ಅವನದೇ ತಪ್ಪು ಎಂದಿತು. ಆ ಪೈಪಿನಲ್ಲಿ ವಿಷ ಯಾಕೆ ಉಳಿದಿತ್ತು, ಪೈಪು ಖಾಲಿಯಾಗಿದೆಯೆಂದು ನೋಡದೆ ಕೆಲಸಕ್ಕೆ ಅನುಮತಿ ಕೊಟ್ಟವರು ಯಾರು, ಇವಕ್ಕೆ ಉತ್ತರ ಬರಲಿಲ್ಲ.

1982ರ ಆರಂಭದಲ್ಲಿ ಮತ್ತೆ ಫಾಸ್ಜೀನ್ ಸೋರಿ ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಆಸ್ಪತ್ರೆ ಸೇರಿದರು. ಅದೇ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯ ತಜ್ಞರ ತಂಡವೇ ಬಂದು ಕಾರ್ಖಾನೆಯನ್ನು ತಪಾಸಣೆ ಮಾಡಿ 61 ಅಪಾಯಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 30 ಗಂಭೀರ ಸ್ವರೂಪದವು. ಅಕ್ಟೋಬರ್‌ನಲ್ಲಿ ಇನ್ನೊಂದು ಸೋರಿಕೆಯಾಗಿ ಈ ಸಲ ಅಕ್ಕಪಕ್ಕದ ಬಸ್ತಿಯ ಜನರೂ ಕಣ್ಣು ಉಜ್ಜಿಕೊಳ್ಳುತ್ತ ಓಡಿದರು. ಯೂನಿಯನ್‌ನವರು ಊರ ಗೋಡೆಗಳಿಗೆ ಪೋಸ್ಟರ್ ಅಂಟಿಸಿದರು: ವಿಷಾನಿಲದಿಂದ ಸಾವಿರಾರು ಕಾರ್ಮಿಕರ, ನಾಗರಿಕರ ಜೀವ ಅಪಾಯದಲ್ಲಿದೆ ಎಂದು. ಗಮನಿಸಬೇಕು, ಕಾರ್ಮಿಕರು ಬರೆದದ್ದು ತಮ್ಮ ಜೀವದ ಬಗ್ಗೆ ಮಾತ್ರ ಅಲ್ಲ, ಊರಿನ ಜೀವದ ಬಗ್ಗೆ ಕೂಡ. ಸಂಬಳ ಹೆಚ್ಚಿಸಿ ಎಂದು ಕೇಳಿದ ಯೂನಿಯನ್‌ಗಳನ್ನಷ್ಟೇ ನಾವು ಪತ್ರಿಕೆಯಲ್ಲಿ ಓದುತ್ತೇವೆ. ಊರನ್ನು ಉಳಿಸಿ ಎಂದು ಕೇಳಿದ ಈ ಯೂನಿಯನ್ನಿನ ಇಬ್ಬರು ಮುಖಂಡರನ್ನು ಕಂಪೆನಿ ಕೆಲಸದಿಂದ ತೆಗೆದುಹಾಕಿತು.

ರಾಜ್‌ಕುಮಾರ್ ಕೇಸ್ವಾನಿ ಎಂಬ ಯುವ ಪತ್ರಕರ್ತ ಆಗ ‘ರಪಟ್’ ಎಂಬ ಪುಟ್ಟ ಹಿಂದಿ ವಾರಪತ್ರಿಕೆ ನಡೆಸುತ್ತಿದ್ದರು. ಅಶ್ರಫ್ ಅವರ ಪರಿಚಯದವನು. ಆ ಸಾವಿನ ಬೆನ್ನುಹತ್ತಿ ಹೋದ ಕೇಸ್ವಾನಿ 1982ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಾಲುಸಾಲಾಗಿ ಬರೆದರು. ಈ ನಗರವನ್ನು ಉಳಿಸಿ ಎಂದು ಮೊರೆಯಿಟ್ಟರು, ಭೋಪಾಲ ಜ್ವಾಲಾಮುಖಿಯ ಬಾಯಲ್ಲಿ ಕೂತಿದೆ ಎಂದರು. 1984ರ ಜೂನ್‌ನಲ್ಲಿ ‘ಜನಸತ್ತಾ’ದಲ್ಲಿ ಮತ್ತೆ ಬರೆದರು. ಆರು ತಿಂಗಳು ಕೂಡ ಉಳಿದಿರಲಿಲ್ಲ. 1982ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಕಾರ್ಮಿಕ ಸಚಿವರು ಕೊಟ್ಟ ಉತ್ತರದ ಸಾರ ಇಷ್ಟು: 25 ಕೋಟಿ ರೂಪಾಯಿ ಹೂಡಿದ ಕಾರ್ಖಾನೆ, ಎತ್ತಿ ಇನ್ನೊಂದು ಕಡೆ ಇಡಲು ಅದೇನು ಸಣ್ಣ ಕಲ್ಲೇ? ಅವರು ಕಾರ್ಮಿಕರ ಸಚಿವರು! ಅಪಾಯಕಾರಿ ಕಾರ್ಖಾನೆಗಳನ್ನು ನಗರದಿಂದ ಹೊರಗೆ ಸಾಗಿಸಬೇಕು ಎಂಬ ಮಾತು 1975ರ ಭೋಪಾಲದ ಅಭಿವೃದ್ಧಿ ಯೋಜನೆಯಲ್ಲೇ ಇತ್ತು ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ಇನ್ನು ಆ ರಾತ್ರಿಯ ವಿಷಯ. ಇ-610 ಎಂಬ ಟ್ಯಾಂಕಿನಲ್ಲಿ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಇತ್ತು. ಇದನ್ನು ಸೊನ್ನೆಯಿಂದ ಐದು ಡಿಗ್ರಿ ತಂಪಿನಲ್ಲಿ ಇಡಬೇಕು. ಖರ್ಚು ಉಳಿಸಲೆಂದು 1984ರ ಜೂನ್‌ನಲ್ಲೇ ತಂಪುಗೊಳಿಸುವ ಯಂತ್ರವನ್ನು ನಿಲ್ಲಿಸಲಾಗಿತ್ತು. ಅನಿಲ ಸೋರಿದರೆ ಕಾಸ್ಟಿಕ್ ಸೋಡದಲ್ಲಿ ತೊಳೆದು ನಿರುಪದ್ರವಿ ಮಾಡಬೇಕಾದ ಸ್ಕ್ರಬ್ಬರ್ ವಿಶ್ರಾಂತಿಯಲ್ಲಿತ್ತು. ಮಿಕ್ಕದ್ದನ್ನು ಸುಟ್ಟು ಹಾಕಬೇಕಾದ ಬೆಂಕಿಗೋಪುರಕ್ಕೆ ಹೋಗುವ ಪೈಪು ತುಕ್ಕು ಹಿಡಿದು, ರಿಪೇರಿಗೆಂದು ಕಳಚಿಟ್ಟಿತ್ತು. ನೀರು ಚಿಮ್ಮಿಸಿ ಅನಿಲವನ್ನು ತಡೆಯುವ ವ್ಯವಸ್ಥೆಯ ನೀರು ಸೋರಿಕೆಯ ಎತ್ತರಕ್ಕೆ ಮುಟ್ಟಲಿಲ್ಲ. ಟ್ಯಾಂಕಿನ ಪಾಳಿಯಲ್ಲಿ 12 ಮಂದಿ ಇರಬೇಕಾದಲ್ಲಿ ಆರು ಮಂದಿಗೆ ಇಳಿಸಲಾಗಿತ್ತು. ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆಯನ್ನೇ ತೆಗೆಯಲಾಗಿತ್ತು. ಕೆಲಸದ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ಒಂದು ವ್ಯವಸ್ಥೆ ಕೆಟ್ಟರೆ ಅದನ್ನು ಆಕಸ್ಮಿಕ ಎನ್ನಬಹುದು. ಎಲ್ಲವೂ ಒಂದೇ ಕಾಲಕ್ಕೆ ನಿಂತಿದ್ದರೆ ಅದರ ಹಿಂದೆ ಲೆಕ್ಕದ ಪುಸ್ತಕ ಇರುತ್ತದೆ. ಕೀಟನಾಶಕಕ್ಕೆ ಮಾರುಕಟ್ಟೆ ಕುಸಿದಿತ್ತು, ಕಾರ್ಖಾನೆ ನಷ್ಟದಲ್ಲಿತ್ತು, ಮೇಲಿನಿಂದ ಖರ್ಚು ಕಡಿಮೆ ಮಾಡಿ ಎಂಬ ಒತ್ತಡವಿತ್ತು. ನಷ್ಟದಲ್ಲಿರುವ ಮನೆಯವನು ಮೊದಲು ಮಕ್ಕಳ ಔಷಧಿ ನಿಲ್ಲಿಸುತ್ತಾನೆಯೇ? ಕಂಪೆನಿ ನಿಲ್ಲಿಸಿತು.

ಊರಿಗೆ ಎಚ್ಚರಿಕೆ ಕೊಡಬೇಕಾದ ಸೈರನ್ ಸ್ವಲ್ಪ ಹೊತ್ತು ಮೊಳಗಿ ನಿಂತಿತು. ಸಣ್ಣಪುಟ್ಟ ಸೋರಿಕೆಗೆಲ್ಲ ಜನರನ್ನು ಹೆದರಿಸಬಾರದು ಎಂಬುದು ಕಂಪೆನಿಯ ಪದ್ಧತಿಯಾಗಿತ್ತು. ಅದು ಪೂರ್ಣವಾಗಿ ಮೊಳಗುವ ಹೊತ್ತಿಗೆ ಜನ ಬೀದಿಯಲ್ಲಿ ಬೀಳುತ್ತಿದ್ದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ಹೋಗಿ ಎಂಬ ಒಂದು ಸಾಲಿನ ಮಾತು ಮೊದಲೇ ಆ ಬಸ್ತಿಗಳಿಗೆ ತಿಳಿದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆ ಒಂದು ಸಾಲು ಹೇಳಬೇಕಾದರೆ ಒಳಗೆ ಇರುವುದು ವಿಷ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತಲ್ಲ! ಸತ್ತವರು ಹಿಂದೂಗಳು, ಮುಸ್ಲಿಮರು ಎಲ್ಲರೂ. ಜೆ.ಪಿ. ನಗರ, ಕಾಜಿ ಕ್ಯಾಂಪ್, ಚೋಲಾ, ಎಲ್ಲವೂ ಬಾಡಿಗೆ ಕಡಿಮೆಯಿದ್ದ ಬಸ್ತಿಗಳು. ನಮ್ಮ ಓದುಗರಲ್ಲಿ ಕೆಲವರು ಇಂಥ ಸಾವನ್ನು ವಿಧಿಬರಹ ಎಂದು ಸಮಾಧಾನಪಡುತ್ತಾರೆಂಬುದು ನಮಗೆ ಗೊತ್ತು. ಸಾವು ದೇವರ ಕೈಯಲ್ಲಿದೆ ನಿಜ. ತಂಪಿನ ಯಂತ್ರದ ಸ್ವಿಚ್ಚು ಇದ್ದದ್ದು ಮ್ಯಾನೇಜರನ ಕೈಯಲ್ಲಿ.

ಇಷ್ಟಾದ ಮೇಲೆ ಕಂಪೆನಿ ಹುಡುಕಿದ್ದು ಯಾರನ್ನು? ಮತ್ತೆ ಒಬ್ಬ ಕಾರ್ಮಿಕನನ್ನು. ಅಸಮಾಧಾನಗೊಂಡ ನೌಕರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ ಎಂಬ ವಾದವನ್ನು ಅದು ಕಟ್ಟಿತು. 1988ರಲ್ಲಿ ತಾನೇ ಹಣ ಕೊಟ್ಟು ನೇಮಿಸಿದ ಸಲಹಾ ಸಂಸ್ಥೆಯಿಂದ ಅದನ್ನು ವರದಿಯಾಗಿ ಹೊರತಂದಿತು. ಇಂದಿಗೂ ಆ ವಾದವನ್ನು ಬಿಟ್ಟಿಲ್ಲ. ಯಾವ ನೌಕರ ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲಿಲ್ಲ. ಆ ವಾದ ನಿಜವೆಂದೇ ಇಟ್ಟುಕೊಳ್ಳೋಣ. ಒಬ್ಬ ಮನುಷ್ಯನ ಸಿಟ್ಟು, ಒಂದು ನೀರಿನ ಕೊಳವೆ, ಇಷ್ಟರಿಂದ ಒಂದು ನಗರ ಸಾಯುವುದಾದರೆ ಅಂಥ ಕಾರ್ಖಾನೆಯನ್ನು ಕಟ್ಟಿದವನು ಯಾರು? ಅಶ್ರಫ್ ಮುಖವಾಡ ತೆಗೆದದ್ದು ಅಶ್ರಫನ ತಪ್ಪು, ಟ್ಯಾಂಕಿಗೆ ನೀರು ಹೋದದ್ದು ಹೆಸರಿಲ್ಲದ ಇನ್ನೊಬ್ಬನ ತಪ್ಪು. ಕಾರ್ಮಿಕ ಬದುಕಿದ್ದಾಗ ಅವನ ಮಾತಿಗೆ ಬೆಲೆಯಿಲ್ಲ, ಅನಾಹುತವಾದ ಮೇಲೆ ಮಾತ್ರ ಇಡೀ ಕಾರ್ಖಾನೆಯನ್ನು ನಡೆಸುತ್ತಿದ್ದವನು ಅವನೇ ಆಗಿಬಿಡುತ್ತಾನೆ.

ನ್ಯಾಯದ ಕಥೆಯನ್ನು ನಾವು ಒಂದು ಅಂಕಿಯಲ್ಲಿ ಹೇಳಬಹುದು: 25,000. ಡಿಸೆಂಬರ್ 7ರಂದು ಭೋಪಾಲಕ್ಕೆ ಬಂದ ಕಂಪೆನಿಯ ಅಧ್ಯಕ್ಷ ವಾರೆನ್ ಆ್ಯಂಡರ್ಸನ್‌ರನ್ನು ಬಂಧಿಸಿ, ಅದೇ ದಿನ 25,000 ರೂಪಾಯಿಯ ಜಾಮೀನಿನಲ್ಲಿ ಬಿಟ್ಟು ಸರಕಾರಿ ವಿಮಾನದಲ್ಲಿ ಕಳಿಸಲಾಯಿತು. 2014ರಲ್ಲಿ ಸಾಯುವವರೆಗೆ ಅವರು ಇಲ್ಲಿನ ನ್ಯಾಯಾಲಯದ ಮುಖ ನೋಡಲಿಲ್ಲ. 1989ರ ಫೆಬ್ರವರಿಯಲ್ಲಿ 330 ಕೋಟಿ ಡಾಲರ್ ಕೇಳಿದ್ದ ನಮ್ಮ ಸರಕಾರ 47 ಕೋಟಿ ಡಾಲರಿಗೆ, ಅಂದರೆ ಸುಮಾರು 715 ಕೋಟಿ ರೂಪಾಯಿಗೆ ರಾಜಿಯಾಯಿತು. ಆ ಹಣ ಹಂಚಿದಾಗ ಗಾಯಗೊಂಡವರಲ್ಲಿ ಬಹುಪಾಲು ಜನರಿಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ತಲಾ 25,000 ರೂಪಾಯಿ. 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನು ನಿರ್ಲಕ್ಷ್ಯದಿಂದ ಸಾವು ತಂದ ಸೆಕ್ಷನ್ನಿಗೆ ಇಳಿಸಿತು. ರಸ್ತೆಯಲ್ಲಿ ಲಾರಿ ಗುದ್ದಿಸಿದವನಿಗೆ ಹಾಕುವ ಅದೇ ಸೆಕ್ಷನ್. 2010ರ ಜೂನ್ 7ರಂದು, 25 ವರ್ಷದ ಬಳಿಕ, ಭಾರತೀಯ ಕಂಪೆನಿಯ ಏಳು ಮಂದಿಗೆ ಎರಡೆರಡು ವರ್ಷ ಶಿಕ್ಷೆಯಾಯಿತು. ಅಂದೇ ಜಾಮೀನು ಸಿಕ್ಕಿತು. ಎಷ್ಟರ ಜಾಮೀನು? ತಲಾ 25,000 ರೂಪಾಯಿಯದು.

ರಾಜಿಯನ್ನು ಎತ್ತಿಹಿಡಿದ 1991ರ ತೀರ್ಪಿನ ಬಹುಮತದ ಅಭಿಪ್ರಾಯ ಬರೆದವರು ನಮ್ಮ ಕನ್ನಡಿಗರೇ ಆದ ನ್ಯಾ. ಎಂ.ಎನ್. ವೆಂಕಟಾಚಲಯ್ಯ. ರಾಜಿಯನ್ನು ಉಳಿಸಿದ್ದರ ಬಗ್ಗೆ ನಮ್ಮ ಜಗಳ ಏನೇ ಇರಲಿ, ಅದೇ ತೀರ್ಪಿನಲ್ಲಿ ಎರಡು ಮಾತು ಸ್ಪಷ್ಟವಾಗಿದ್ದವು. ಹಣ ಸಾಲದೆ ಬಂದರೆ ಕೊರತೆಯನ್ನು ಕೇಂದ್ರ ಸರಕಾರ ತುಂಬಬೇಕು. ಇನ್ನೂ ರೋಗಲಕ್ಷಣ ಕಾಣದ ಒಂದು ಲಕ್ಷ ಜನರಿಗೆ ಸರಕಾರ ವೈದ್ಯಕೀಯ ವಿಮೆ ಮಾಡಿಸಬೇಕು. ಮೂವತ್ತು ವರ್ಷ ಕಳೆದರೂ ಆ ವಿಮೆ ಆಗಲೇ ಇಲ್ಲ. ಸರಕಾರ 2010ರಲ್ಲಿ ಹೆಚ್ಚುವರಿ ಪರಿಹಾರ ಕೇಳಿ ಕ್ಯುರೇಟಿವ್ ಅರ್ಜಿ ಹಾಕಿದಾಗ ತನ್ನ ಲೆಕ್ಕದಲ್ಲಿ ತಾನೇ 5,295 ಸಾವುಗಳನ್ನು ತೋರಿಸಿತ್ತು. ಸಂತ್ರಸ್ತರ ಸಂಘಟನೆಗಳ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ಆ ಅರ್ಜಿ ತಳ್ಳಿಹಾಕುತ್ತ, ವಿಮೆ ಮಾಡಿಸದಿದ್ದುದು ಸರಕಾರದ ಘೋರ ನಿರ್ಲಕ್ಷ್ಯ ಎಂದು ಬೈದು ಕಳಿಸಿತು. ಬೈಗುಳ ಸರಕಾರಕ್ಕೆ, ನಷ್ಟ ಮಾತ್ರ ಭೋಪಾಲದ ರೋಗಿಗಳಿಗೆ.

2001ರಲ್ಲಿ ಯೂನಿಯನ್ ಕಾರ್ಬೈಡನ್ನು ಡೌ ಕೆಮಿಕಲ್ ಕೊಂಡಿತು. ಭೋಪಾಲದ ಹೊಣೆ ತನ್ನದಲ್ಲ ಎಂಬುದು ಅಂದಿನಿಂದ ಅದರ ಪಲ್ಲವಿ. ಆದರೆ ಅದೇ ಯೂನಿಯನ್ ಕಾರ್ಬೈಡ್ ಮೇಲೆ ಅಮೆರಿಕದಲ್ಲಿ ಇದ್ದ ಕಲ್ನಾರಿನ ರೋಗದ ದಾವೆಗಳಿಗೆಂದು 2002ರ ಹೊತ್ತಿಗೆ 220 ಕೋಟಿ ಡಾಲರನ್ನು ತೆಗೆದಿರಿಸಲಾಯಿತು. ಹಳೆಯ ಪಾಪ ಹೊಸ ಮಾಲೀಕನಿಗೆ ಅಂಟುತ್ತದೆಯೇ ಎಂಬ ಪ್ರಶ್ನೆಗೆ ಟೆಕ್ಸಾಸಿನಲ್ಲಿ ಒಂದು ಉತ್ತರ, ಭೋಪಾಲದಲ್ಲಿ ಇನ್ನೊಂದು.

ಈ ಹೊಣೆಯ ಪ್ರಶ್ನೆ ಸತ್ತವರ ಲೆಕ್ಕಕ್ಕೆ ಮಾತ್ರ ಸೇರಿದ್ದಲ್ಲ, ನೀರಿಗೂ ಸೇರಿದ್ದು. ಅನಿಲ ಗಾಳಿಯಲ್ಲಿ ಕರಗಿಹೋಯಿತು. ಕಾರ್ಖಾನೆ ಅನಿಲಕ್ಕಿಂತ ಮುಂಚೆ, ನಡೆಯುತ್ತಿದ್ದ ಅಷ್ಟೂ ವರ್ಷ, ತನ್ನ ಹೊಲಸನ್ನು ಆವರಣದಲ್ಲಿ ಹೂಳುತ್ತ, ಹೊರಗಿನ ಆವಿಯಾಗಿಸುವ ಕೊಳಗಳಿಗೆ ಬಿಡುತ್ತ ಬಂದಿತ್ತು. ಅದು ನೆಲಕ್ಕಿಳಿಯಿತು. ಉತ್ತರ ದಿಕ್ಕಿನ ಬಸ್ತಿಗಳ ಬೋರಿನ ನೀರಿನಲ್ಲಿ ವಿಷ ಬಂತು. ಶುದ್ಧ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಲ್ಲಿಯವರೆಗೆ ಅನಿಲದಿಂದ ಬದುಕುಳಿದವರೂ, ದುರಂತದ ಬಳಿಕ ಬಂದು ನೆಲಸಿದವರೂ ಅದನ್ನೇ ಕುಡಿದರು.

2025ರ ಜನವರಿ ಮೊದಲ ದಿನದ ರಾತ್ರಿ 12 ಕಂಟೇನರುಗಳಲ್ಲಿ 337 ಟನ್ ತ್ಯಾಜ್ಯವನ್ನು ಪೊಲೀಸು ಕಾವಲಿನಲ್ಲಿ ಭೋಪಾಲದಿಂದ ಪೀತಂಪುರಕ್ಕೆ ಒಯ್ಯಲಾಯಿತು. ಅಲ್ಲಿನ ಜನ ಬೀದಿಗಿಳಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ನಮ್ಮ ಟಿ.ವಿ.ಗಳಿಗೆ ಅದು ವಿಜ್ಞಾನ ಗೊತ್ತಿಲ್ಲದವರ ಗಲಾಟೆ. ಭೋಪಾಲದಲ್ಲಿ ನಲವತ್ತು ವರ್ಷ ವಿಜ್ಞಾನ ಗೊತ್ತಿದ್ದವರು ಏನು ಮಾಡಿದರೆಂದು ನೋಡಿದ ಜನ ಅವರು, ನಂಬಿ ಎಂದರೆ ಯಾಕೆ ನಂಬಬೇಕು? ಸುಟ್ಟ ಮೇಲೆ ಉಳಿದ ಬೂದಿ, ಬೆರೆಸಿದ ಸುಣ್ಣವೆಲ್ಲ ಸೇರಿ ಸುಟ್ಟದ್ದಕ್ಕಿಂತ ಹೆಚ್ಚು ತೂಕವಾಯಿತು. ಅದನ್ನೂ ಎಲ್ಲಾದರೂ ಹೂಳಬೇಕು. ಭೋಪಾಲದ ಕಳಂಕ ತೊಳೆಯಿತು ಎಂದು ಹೇಳಿದವರು ಒಂದು ಸಣ್ಣ ವಿಷಯ ಬಿಟ್ಟರು. ಆ 337 ಟನ್ ಎಂದರೆ ನೆಲದ ಮೇಲೆ ಗುಡಿಸಿ ಶೆಡ್ಡಿನಲ್ಲಿ ಇಟ್ಟಿದ್ದಷ್ಟೇ. ಸರಕಾರದ್ದೇ ಸಂಸ್ಥೆಗಳಾದ ನೀರಿ ಮತ್ತು ಎನ್‌ಜಿಆರ್‌ಐ 2010ರಲ್ಲಿ ಕೊಟ್ಟ ಅಂದಾಜಿನಂತೆ ಅಲ್ಲಿ ವಿಷ ಬೆರೆತ ಮಣ್ಣು 11 ಲಕ್ಷ ಟನ್. ಅದನ್ನು ಯಾವ ಲಾರಿಯೂ ಒಯ್ದಿಲ್ಲ. ಇನ್ನೊಂದು ಮಾತು: ಇಷ್ಟೆಲ್ಲ ಜೀವ ತಿಂದು ಅಲ್ಲಿ ತಯಾರಾಗುತ್ತಿದ್ದ ಸೆವಿನ್, ಅಂದರೆ ಕಾರ್ಬರಿಲ್, 2018ರಲ್ಲಿ ಭಾರತದಲ್ಲೇ ನಿಷೇಧವಾದ ಕೀಟನಾಶಕಗಳ ಪಟ್ಟಿ ಸೇರಿತು.

ಪೀತಂಪುರದಲ್ಲಿ ಸುಡುವ ಕೆಲಸ ಮುಗಿದದ್ದು 2025ರ ಜೂನ್ 30ರ ನಸುಕಿಗೆ. ಅದೇ ದಿನ ಬೆಳಗ್ಗೆ ತೆಲಂಗಾಣದ ಪಾಶಮೈಲಾರಂನಲ್ಲಿ ಔಷಧಿಗೆ ಬೇಕಾದ ಪುಡಿ ತಯಾರಿಸುವ ಸಿಗಾಚಿ ಕಾರ್ಖಾನೆ ಸಿಡಿದು ನಲವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಿಹಾರ, ಉತ್ತರಪ್ರದೇಶ, ಒಡಿಶಾದಿಂದ ಬಂದವರು ಅವರಲ್ಲಿ ಹಲವರು. ಕೆಲವರ ದೇಹದ ಗುರುತೂ ಸಿಗಲಿಲ್ಲ. ಅದಕ್ಕೂ ಐದು ವರ್ಷ ಮೊದಲು, 2020ರ ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಿಂದ ಸ್ಟೈರೀನ್ ಸೋರಿ 12 ಮಂದಿ ಸತ್ತಿದ್ದರು. ಅಲ್ಲಿಯೂ ಟ್ಯಾಂಕನ್ನು ತಂಪಾಗಿಡುವುದರಲ್ಲೇ ಲೋಪ. ಅಲ್ಲಿಯೂ ಊರಿಗೆ ಸೈರನ್ ಮೊಳಗಲಿಲ್ಲ. ತನಗೆ ಸರಿಯಾದ ಪರಿಸರ ಅನುಮತಿ ಇಲ್ಲವೆಂದು ಕಂಪೆನಿಯೇ 2019ರಲ್ಲಿ ಬರೆದುಕೊಟ್ಟಿತ್ತು, ಆದರೂ ಕಾರ್ಖಾನೆ ನಡೆಯುತ್ತಿತ್ತು. ಭೋಪಾಲದಿಂದ ಪಾಠ ಕಲಿತಿದ್ದೇವೆ ಎನ್ನುವವರು ಈ ಪುಟವನ್ನು ಎರಡು ಸಲ ಓದಲಿ.

ಕಲಿಯಲಿಲ್ಲವೆಂದಲ್ಲ, ಕಲಿತದ್ದನ್ನು ಈಗ ಮರೆಯಿಸಲಾಗುತ್ತಿದೆ. ಭೋಪಾಲದ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿತು. ಒಳಗೆ ಯಾವ ಅಪಾಯವಿದೆ ಎಂಬುದನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಮಾಲೀಕನ ಕರ್ತವ್ಯವಾಯಿತು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಪ್ರತಿ ಕಾರ್ಖಾನೆಯಲ್ಲೂ ಕಾರ್ಮಿಕರೂ ಆಡಳಿತವರ್ಗವೂ ಸಮಾನವಾಗಿ ಕೂತಿರುವ ಸುರಕ್ಷತಾ ಸಮಿತಿ ಕಡ್ಡಾಯವಾಯಿತು. ಅಂದರೆ ಅಶ್ರಫನ ಸಂಗಾತಿಗಳು ಗೋಡೆಗೆ ಅಂಟಿಸಿದ ಪೋಸ್ಟರು ಕಾನೂನಿನ ಭಾಷೆಗೆ ಬಂತು. ಆಚರಣೆಯಲ್ಲಿ ಎಷ್ಟಿತ್ತೆಂಬುದು ಬೇರೆ ಮಾತು, ಕೇಳಲು ಒಂದು ಹಿಡಿಕೆಯಾದರೂ ಇತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿದ್ದರೆ ಕಾರ್ಖಾನೆ ಎನ್ನುತ್ತಿದ್ದದ್ದು ಈಗ ಇಪ್ಪತ್ತಕ್ಕೆ ಏರಿದೆ. ಸುರಕ್ಷತಾ ಸಮಿತಿ ಸರಕಾರ ಆದೇಶ ಹೊರಡಿಸಿದ ಕಡೆ ಮಾತ್ರ. ಇನ್ಸ್‌ಪೆಕ್ಟರನಿಗೆ ‘ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್’ ಎಂಬ ಹೆಸರು. ಫೆಸಿಲಿಟೇಟರ್ ಎಂದರೆ ಅನುಕೂಲ ಮಾಡಿಕೊಡುವವನು. ಯಾರಿಗೆ ಅನುಕೂಲ?

ಹಾಗಾದರೆ ಕಾರ್ಖಾನೆ ಬೇಡವೇ, ಮಕ್ಕಳಿಗೆ ಉದ್ಯೋಗ ಬೇಡವೇ ಎಂದು ಕೇಳುವವರಿದ್ದಾರೆ. ನಾವು ಕಾರ್ಖಾನೆ ಬೇಡ ಎನ್ನುವವರಲ್ಲ. ಗಲ್ಫಿನ ಮರಳಿನಲ್ಲಿ ದುಡಿದು ಮನೆ ನಡೆಸಿದ ಸಮಾಜ ನಮ್ಮದು, ಉದ್ಯೋಗದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ತಕರಾರು ಕಾರ್ಮಿಕನ ಸುರಕ್ಷತೆ ಯೂನಿಯನ್ನಿನವರ ವಿಷಯ, ನದಿ-ಗಾಳಿ ಪರಿಸರವಾದಿಗಳ ವಿಷಯ ಎಂದು ಎರಡು ಕಡತ ಮಾಡುವ ಜಾಣತನದ ಬಗ್ಗೆ. ಕಡತ ಎರಡಾದರೆ ಕಾರ್ಮಿಕನನ್ನು ಊರಿನ ಮೇಲೆ, ಊರನ್ನು ಕಾರ್ಮಿಕನ ಮೇಲೆ ಎತ್ತಿಕಟ್ಟಬಹುದು. ಕಾರ್ಖಾನೆ ಮುಚ್ಚಿಸಲು ಬಂದವರು ಇವರು ಎಂದು ಕಾರ್ಮಿಕನಿಗೆ, ದುಡ್ಡಿಗಾಗಿ ಬಾಯಿ ಮುಚ್ಚಿಕೊಂಡವರು ಅವರು ಎಂದು ಊರಿಗೆ. ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಈ ಬಲೆಗೆ ಬೀಳಲಿಲ್ಲ. ಗ್ಯಾಸ್ ಸಂತ್ರಸ್ತ ಹೆಂಗಸರಿಗೆಂದು ಸರಕಾರ ತೆರೆದ ಸ್ಟೇಷನರಿ ಘಟಕದ ಕೆಲಸಗಾರ್ತಿಯರು ಅವರು. ಮೊದಲು ಜಗಳ ಆಡಿದ್ದು ಕೂಲಿಗಾಗಿ. ಅದಕ್ಕೆಂದೇ ದೆಹಲಿಯವರೆಗೆ ನಡೆದರು. ಅದೇ ಯೂನಿಯನ್ನಿನಿಂದ ನೀರಿನ ಪ್ರಶ್ನೆಗೆ, ಡೌ ಕಂಪೆನಿಯ ಪ್ರಶ್ನೆಗೆ ಬಂದರು. 2004ರಲ್ಲಿ ಇಬ್ಬರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಾಗ ಆ ಹಣವನ್ನು ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಚಿಕಿತ್ಸೆಗೆ ಚಿಂಗಾರಿ ಟ್ರಸ್ಟ್ ಕಟ್ಟಲು ಕೊಟ್ಟರು. ಓದು ಬಾರದ ಒಬ್ಬ ಮುಸ್ಲಿಂ ಹೆಂಗಸು, ಒಬ್ಬ ಹಿಂದೂ ಹೆಂಗಸು ಸೇರಿ ನಮ್ಮ ವಿಶ್ವವಿದ್ಯಾಲಯಗಳು ಎರಡು ವಿಭಾಗ ಮಾಡಿ ಕಲಿಸುವುದನ್ನು ಒಂದೇ ಹೋರಾಟದಲ್ಲಿ ಹೇಳಿದರು.

ಕರ್ನಾಟಕದ ಓದುಗರಿಗೆ ಇದು ದೂರದ ಕಥೆಯಲ್ಲ. ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಿನ ಹಳ್ಳಿಯವರು ರಾಸಾಯನಿಕ, ಔಷಧಿ ಘಟಕಗಳ ದುರ್ವಾಸನೆಯ ಬಗ್ಗೆ ದೂರುತ್ತ ಬಂದಿದ್ದಾರೆ. ಬೈಕಂಪಾಡಿ, ರಾಯಚೂರುಗಳಲ್ಲೂ ಮನೆ ಮತ್ತು ಕಾರ್ಖಾನೆಯ ನಡುವೆ ಒಂದು ಗೋಡೆಯಷ್ಟೇ ಇರುವ ಜಾಗಗಳಿವೆ. ಭಾರೀ ಪ್ರಮಾಣದ ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡ ಘಟಕಗಳಿಗೆ ಒಳಗಿನದೊಂದು, ಹೊರಗಿನ ಊರಿಗೊಂದು ತುರ್ತು ಯೋಜನೆ ಇರಬೇಕೆಂದು 1989ರ ನಿಯಮಗಳು ಹೇಳುತ್ತವೆ. ಊರಿನ ಯೋಜನೆ ಸಿದ್ಧಪಡಿಸುವುದು ಜಿಲ್ಲಾಡಳಿತದ ಕೆಲಸ. ಜಿಲ್ಲಾಧಿಕಾರಿ ಕಚೇರಿಯ ಬೀರುವಿನಲ್ಲಿ ಇಂಗ್ಲಿಷಿನಲ್ಲಿರುವ ಆ ಯೋಜನೆಯನ್ನು ಕನ್ನಡದಲ್ಲಿ, ಆ ಊರಿನ ಉರ್ದು, ಬ್ಯಾರಿ, ತುಳು, ತೆಲುಗು ಮನೆಗಳಿಗೆ ಅರ್ಥವಾಗುವ ಮಾತಿನಲ್ಲಿ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಯಾವ ಟ್ಯಾಂಕಿನಲ್ಲಿ ಏನಿದೆ, ಸೈರನ್ ಹೇಗೆ ಕೇಳುತ್ತದೆ, ಯಾವ ದಿಕ್ಕಿಗೆ ಓಡಬೇಕು, ಮುಖಕ್ಕೆ ಏನು ಹಿಡಿಯಬೇಕು ಎಂಬುದು ಅದರಲ್ಲಿರಬೇಕು. ಒಳಗೆ ಗುತ್ತಿಗೆ ಕಾರ್ಮಿಕನೊಬ್ಬ ಕೆಮ್ಮುತ್ತ ಬಿದ್ದರೆ ಅದನ್ನು ಬರೆದಿಡುವ ಪುಸ್ತಕವನ್ನು ನೋಡುವ ಹಕ್ಕು ಹೊರಗಿನ ಜನರಿಗೂ ಬೇಕು. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ, ಒಂದು ಹಾಳೆ, ಒಂದು ಅಂಟಿನ ಡಬ್ಬಿ ಸಾಕು. 1982ರಲ್ಲಿ ಭೋಪಾಲದ ಯೂನಿಯನ್ನಿನವರ ಬಳಿ ಇದ್ದದ್ದೂ ಅಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಈ ಯೋಜನೆಯ ಪ್ರತಿಯನ್ನು ಕೇಳಿ. ಕೊಡುವುದಿಲ್ಲವೆಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಬಂದ ಉತ್ತರವನ್ನು ನಮಗೂ ಕಳಿಸಿ, ಈ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.